ಹಳೆಯ ಫ್ಲ್ಯಾಟು ಮತ್ತು ಸೂಡಿಯ ಎಂಬತ್ತು ಒಕ್ಕಲು

ಕಳೆದ ತಿಂಗಳು ನನ್ನ ತಮ್ಮನ ಮಗ ಬೆಂಗಳೂರಿನಿಂದ ಫೋನು ಮಾಡಿದ್ದ. "ಕಾಕಾ, ಮೂವತ್ತು ವರ್ಷದ ಹಳೇ ಫ್ಲ್ಯಾಟೊಂದು ಸೋವಿ ಬಂದೈತ್ರಿ. ಊರಾಗಿನ ಹೊಲದ ಪಾಲು ಮಾರಿದ ರೊಕ್ಕದಾಗ ತಗೋಬೇಕಂತೀನಿ, ನೀವೇನಂತೀರಿ?" ಎಂದು ಕೇಳಿದ. ಇತಿಹಾಸದ ಮಾಸ್ತರನನ್ನು ಇಂತಹ ವಿಷಯ ಕೇಳಿದರೆ ಆತ ಶಾಸನದಿಂದಲೇ ಆರಂಭಿಸುತ್ತಾನೆಂಬುದು ನನ್ನ ವಿದ್ಯಾರ್ಥಿಗಳಿಗೆ ಗೊತ್ತು.

ನಮ್ಮ ಸೂಡಿಗೆ ಬಂದವರು ಜೋಡುಕಳಸದ ಗುಡಿಯನ್ನೂ ನಾಗಕುಂಡವನ್ನೂ ನೋಡಿ ಹೋಗುತ್ತಾರೆ. ಇಲ್ಲಿಯ ಶಾಸನಗಳನ್ನು ಓದುವವರು ಕಡಿಮೆ. ಹನ್ನೊಂದನೆಯ ಶತಮಾನದಲ್ಲಿ ಕಿಸುಕಾಡು ಎಪ್ಪತ್ತನ್ನು ಆಳಿದ ಅಕ್ಕಾದೇವಿ ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹನ ಸೋದರಿ. ಚೋಳರೊಡನೆ ನಡೆದ ಯುದ್ಧದ ಕಾಲದಲ್ಲಿ ಈ ಊರಿನ ಹಳೆಯ ಕಟ್ಟಳೆ ಶಿಥಿಲವಾಗಿತ್ತು. ಆಕೆ ಅದನ್ನು ಎಂಟು ಸೆಟ್ಟಿಗಳಿಗೆ ಮತ್ತು ಎಂಬತ್ತು ಒಕ್ಕಲುಗಳಿಗೆ ನವೀಕರಿಸಿಕೊಟ್ಟಳು. ಯುದ್ಧ ಮುಗಿದ ಮೇಲೆ ಗೋಡೆಗಳಷ್ಟನ್ನೇ ಎಬ್ಬಿಸಿದರೆ ಊರಾಗುವುದಿಲ್ಲ, ಒಟ್ಟಿಗೆ ಬಾಳುವ ಒಪ್ಪಂದವನ್ನೂ ಎಬ್ಬಿಸಬೇಕೆಂದು ಆ ಕಾಲದವರು ಅರಿತಿದ್ದರು.

ಫ್ಲ್ಯಾಟಿನ ಮಾತೂ ಇದೇ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಯ ಪ್ರಕಾರ ಕೋಣೆಗಳು ನಮ್ಮವು. ನೆಲ, ತಳಪಾಯ, ಚಾವಣಿ, ಮೆಟ್ಟಿಲು ಎಲ್ಲರವು. ಅವುಗಳಲ್ಲಿ ನಮಗಿರುವುದು ಅವಿಭಜಿತ ಪಾಲು ಮಾತ್ರ, ಅದನ್ನು ಫ್ಲ್ಯಾಟಿನಿಂದ ಬೇರ್ಪಡಿಸಿ ಮಾರಲಾಗದು. ಮಾರುವವನು ಸಾಮಾನ್ಯ ಖರ್ಚಿನ ಬಾಕಿ ಉಳಿಸಿದ್ದರೆ ಕೊಳ್ಳುವವನೂ ಅದಕ್ಕೆ ಹೊಣೆ. ಆದುದರಿಂದ ಹಳೆಯ ಫ್ಲ್ಯಾಟು ಕೊಳ್ಳುವವನು ನೆರೆಹೊರೆಯವರ ಶಿಸ್ತನ್ನೋ ಅಶಿಸ್ತನ್ನೋ ಸೇರಿಸಿಯೇ ಕೊಳ್ಳುತ್ತಾನೆ.

ಈ ವಿಷಯದಲ್ಲಿ ಜಪಾನೀಯರು ನಮಗಿಂತ ಹೆಚ್ಚು ಪೆಟ್ಟು ತಿಂದು ಕಲಿತವರು. ಅಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೇಳುವಂತೆ, ನಗರದಲ್ಲಿ ಹಳೆಯ ಫ್ಲ್ಯಾಟು ನೋಡಲು ಹೋದವರು ಮೊದಲು ಕೇಳುವ ಪ್ರಶ್ನೆ, ಕಟ್ಟಡಕ್ಕೆ ಅನುಮತಿ ದೊರೆತದ್ದು 1981ರ ಜೂನ್ 1ರ ಮೊದಲೋ ಅನಂತರವೋ ಎಂಬುದು. ಭೂಕಂಪ ತಾಳುವ ಕಠಿಣ ನಿಯಮ ಜಾರಿಗೆ ಬಂದದ್ದು ಆ ದಿನ. ಎರಡನೆಯ ಪ್ರಶ್ನೆ, ರಿಪೇರಿಗಾಗಿ ನಿವಾಸಿಗಳು ತಿಂಗಳು ತಿಂಗಳೂ ಕಟ್ಟಿದ ನಿಧಿಯಲ್ಲಿ ಎಷ್ಟು ಹಣವಿದೆ ಎಂಬುದು. 1962ರಲ್ಲಿಯೇ ಅವರು ಫ್ಲ್ಯಾಟಿನ ಒಡೆತನಕ್ಕೆ ಕಾನೂನು ಮಾಡಿದ್ದರು. ಆದರೂ 1995ರ ಕೋಬೆ ಭೂಕಂಪದ ತರುವಾಯ, ಹಾನಿಗೊಂಡ ಕಟ್ಟಡವನ್ನು ದುರಸ್ತಿ ಮಾಡಬೇಕೋ ಕೆಡವಿ ಕಟ್ಟಬೇಕೋ ಎಂದು ಒಂದೇ ಸೂರಿನ ಜನ ನ್ಯಾಯಾಲಯದ ಮೆಟ್ಟಿಲೇರಿದ್ದುಂಟು.

ಅವರ ಮಾತೇಕೆ, ನಮ್ಮ ಮನೆಯ ಕಥೆಯನ್ನೇ ಹೇಳುತ್ತೇನೆ. ಸೂಡಿಯ ನಮ್ಮ ಮಣ್ಣಿನ ಮಾಳಿಗೆಯ ಮನೆಗೂ ದೊಡ್ಡಪ್ಪನವರ ಮನೆಗೂ ನಡುಗೋಡೆ ಒಂದೇ. ಹಿರಿಯರಿದ್ದಾಗ ಪ್ರತಿವರ್ಷ ಮಳೆಗಾಲಕ್ಕೆ ಮುನ್ನ ಎರಡೂ ಮನೆಯವರು ಕೂಡಿ ಮಾಳಿಗೆಗೆ ಮಣ್ಣು ಹಾಕಿಸುತ್ತಿದ್ದರು. ಅವರು ಹೋದ ಮೇಲೆ, ಖರ್ಚು ಯಾರದೆಂಬ ವಾದದಲ್ಲಿ ನಾವು ಮೂರು ಮಳೆಗಾಲ ಕಳೆದೆವು. 2009ರ ಅತಿವೃಷ್ಟಿಯಲ್ಲಿ ಆ ಗೋಡೆ ಬಿದ್ದಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ವಾದದಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡಿದವನು, ಮಕ್ಕಳಿಗೆ ಅಕ್ಕಾದೇವಿಯ ಪಾಠ ಹೇಳುತ್ತಿದ್ದ ನಾನೇ.

ತಮ್ಮನ ಮಗನಿಗೆ ಇಷ್ಟೇ ಹೇಳಿದೆ: "ಟೈಲ್ಸು, ಬಣ್ಣ ಆಮೇಲೆ ನೋಡು. ಮೊದಲು ಸಂಘದ ಲೆಕ್ಕದ ಪುಸ್ತಕ ಕೇಳು. ಚಾವಣಿ ಸೋರಿದಾಗ ಯಾರು ರೊಕ್ಕ ಕೊಟ್ಟರು ಕೇಳು." ಅವನು ಕೇಳಿದ. ಆ ಕಟ್ಟಡದಲ್ಲಿ ಪುಸ್ತಕವೂ ಇರಲಿಲ್ಲ, ನಿಧಿಯೂ ಇರಲಿಲ್ಲ. ಅಗ್ಗದ ಕಾರಣ ತಿಳಿಯಿತು. ಹೊಲದ ಹಣ ಸದ್ಯ ಬ್ಯಾಂಕಿನಲ್ಲಿದೆ, ಹುಡುಕಾಟ ನಡೆದಿದೆ.

ನಮ್ಮ ನಡುಗೋಡೆಯನ್ನು ಮರುವರ್ಷ ಎರಡೂ ಮನೆಯವರು ಸಮಪಾಲು ಹಾಕಿ ಕಟ್ಟಿಸಿದೆವು. ಬೀಳುವ ಮೊದಲೇ ಹಾಕಿದ್ದರೆ ಅದರ ಕಾಲುಭಾಗದಲ್ಲಿ ಕೆಲಸವಾಗುತ್ತಿತ್ತು.