ಹೆಸರಿನ ಜಗಳದಲ್ಲಿ ರೋಗ ಮರೆತೆವು

2010ರ ಆಗಸ್ಟ್. ನಾನಾಗ ಇಂಜಿನಿಯರಿಂಗ್ ಓದುತ್ತಿದ್ದೆ. ರಾತ್ರಿ ಊಟ ಮುಗಿಸಿ ಹಾಸ್ಟೆಲ್‌ನ ಟಿವಿ ಹಾಲ್‌ಗೆ ಬಂದರೆ ಯಾವ ಚಾನೆಲ್ ಹಾಕಿದರೂ ಒಂದೇ ಪದ: ಸೂಪರ್‌ಬಗ್. ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಭಾರತದಿಂದ ಬ್ರಿಟನ್‌ಗೆ ಬಂದಿದೆ ಅಂತ ಅಲ್ಲಿನ ವೈದ್ಯಕೀಯ ಪತ್ರಿಕೆಯೊಂದು ಬರೆದಿತ್ತು. ಅದರ ಹೆಸರಿನಲ್ಲೇ 'ನ್ಯೂ ಡೆಲ್ಲಿ' ಇತ್ತು.

"ನಮ್ಮ ರಾಜಧಾನಿ ಹೆಸರು ರೋಗಕ್ಕೆ ಇಡ್ತಾರಾ? ಇವರಿಗೆಷ್ಟು ಕೊಬ್ಬು!" ಅಂದ ಪಕ್ಕದಲ್ಲಿದ್ದ ಗೆಳೆಯ. ನಾನೂ ಹೌದೌದು ಅಂದೆ. ಹಾಲ್‌ನಲ್ಲಿದ್ದ ಮೂವತ್ತು ಜನರೂ ಅಂದರು. ಆ ಬ್ಯಾಕ್ಟೀರಿಯಾ ಏನು ಮಾಡುತ್ತೆ, ನಮ್ಮ ಊರಿನ ಆಸ್ಪತ್ರೆಯಲ್ಲೂ ಇದೆಯಾ ಅಂತ ಒಬ್ಬರೂ ಕೇಳಲಿಲ್ಲ. ಟಿವಿಯಲ್ಲಿ ಕೂತು ಚರ್ಚೆ ಮಾಡುತ್ತಿದ್ದವರೂ ಅದನ್ನು ಹೆಚ್ಚು ಕೇಳಿದಂತೆ ನೆನಪಿಲ್ಲ.

ನಡೆದದ್ದು ಇಷ್ಟು. ಸ್ವೀಡನ್‌ನಲ್ಲಿ ನೆಲೆಸಿದ್ದ ಭಾರತೀಯ ಮೂಲದ 59 ವರ್ಷದ ವ್ಯಕ್ತಿಯೊಬ್ಬರು ದೆಹಲಿಯಲ್ಲಿ ಆಸ್ಪತ್ರೆಗೆ ದಾಖಲಾಗಿ, 2008ರ ಜನವರಿಯಲ್ಲಿ ವಾಪಸ್ ಹೋದರು. ಅಲ್ಲಿ ಅವರ ಮೂತ್ರ ಪರೀಕ್ಷೆ ಮಾಡಿದಾಗ ಸಿಕ್ಕ ಬ್ಯಾಕ್ಟೀರಿಯಾ, ಆಸ್ಪತ್ರೆಗಳು ಕೊನೆಯ ಅಸ್ತ್ರ ಅಂತ ಕಾಯ್ದಿಟ್ಟುಕೊಳ್ಳುವ ಕಾರ್ಬಪೆನೆಮ್ ಔಷಧಿಗೂ ಬಗ್ಗಲಿಲ್ಲ. ಆ ಔಷಧಿಯನ್ನು ಮುರಿದುಹಾಕುವ ಕಿಣ್ವಕ್ಕೆ ವಿಜ್ಞಾನಿಗಳು 'ನ್ಯೂ ಡೆಲ್ಲಿ ಮೆಟಲೋ ಬೀಟಾ ಲ್ಯಾಕ್ಟಮೇಸ್' ಅಂತ ಹೆಸರಿಟ್ಟರು. ಚಿಕ್ಕದಾಗಿ ಎನ್‌ಡಿಎಂ-1. ಇಂಥ ಕಿಣ್ವಗಳಿಗೆ ಊರಿನ ಹೆಸರು ಇಡುವುದು ಹೊಸದೇನೂ ಆಗಿರಲಿಲ್ಲ. ಅದೇ ಜಾತಿಯ ಒಂದಕ್ಕೆ ಇಟಲಿಯ ವೆರೋನಾ, ಇನ್ನೊಂದಕ್ಕೆ ಬ್ರೆಜಿಲ್‌ನ ಸಾವೊ ಪಾಲೊ ಹೆಸರು ಮೊದಲೇ ಇತ್ತು. ಇದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ನಂತರ.

2010ರ ವರದಿ ಬಂದದ್ದು 'ಲ್ಯಾನ್ಸೆಟ್' ಬಳಗದ ಪತ್ರಿಕೆಯಲ್ಲಿ. ಚೆನ್ನೈನಲ್ಲಿ 44, ಹರಿಯಾಣದಲ್ಲಿ 26, ಬ್ರಿಟನ್‌ನಲ್ಲಿ 37, ಭಾರತ ಮತ್ತು ಪಾಕಿಸ್ತಾನದ ಬೇರೆ ಕಡೆಗಳಲ್ಲಿ 73 ಮಾದರಿಗಳಲ್ಲಿ ಎನ್‌ಡಿಎಂ-1 ಸಿಕ್ಕಿತ್ತು. ಆ ವರದಿಯ ಮೊದಲ ಲೇಖಕರೇ ಚೆನ್ನೈನ ಸಂಶೋಧಕರು. ಅದನ್ನು ಟಿವಿಯಲ್ಲಿ ಯಾರೂ ಹೇಳಿದ್ದು ನನಗೆ ನೆನಪಿಲ್ಲ.

ಭಯ ಇದ್ದದ್ದು ಎಲ್ಲಿ ಅಂದ್ರೆ, ಈ ಕಿಣ್ವದ ಜೀನ್ ಪ್ಲಾಸ್ಮಿಡ್ ಅನ್ನೋ ಡಿಎನ್‌ಎಯ ಪುಟ್ಟ ಉಂಗುರದ ಮೇಲೆ ಕೂತಿತ್ತು. ನಮ್ಮ ಹಾಸ್ಟೆಲ್‌ನ ಭಾಷೆಯಲ್ಲೇ ಹೇಳ್ತೀನಿ. ಆಗ ಒಬ್ಬನ ಪೆನ್‌ಡ್ರೈವ್‌ನಲ್ಲಿ ವೈರಸ್ ಇದ್ದರೆ ವಾರದೊಳಗೆ ಇಡೀ ಫ್ಲೋರ್‌ನ ಕಂಪ್ಯೂಟರ್‌ಗಳಿಗೆ ಅಂಟುತ್ತಿತ್ತು. ಪ್ಲಾಸ್ಮಿಡ್ ಬ್ಯಾಕ್ಟೀರಿಯಾಗಳ ಪೆನ್‌ಡ್ರೈವ್. ಒಂದು ಜಾತಿಯ ಬ್ಯಾಕ್ಟೀರಿಯಾ ಕಲಿತ ವಿದ್ಯೆಯನ್ನು ಇನ್ನೊಂದು ಜಾತಿಗೆ ಹಾಗೇ ದಾಟಿಸಿಬಿಡುತ್ತೆ.

ನಮ್ಮ ಸಿಟ್ಟು ಪೂರ್ತಿ ಸುಳ್ಳಾಗಿತ್ತು ಅಂತ ನಾನು ಹೇಳಲ್ಲ. ಭಾರತಕ್ಕೆ ಸರ್ಜರಿಗೆ ಹೋಗುವವರ ಬಗ್ಗೆ ಆ ವರದಿ ಎಚ್ಚರಿಸಿತ್ತು. ನಮ್ಮ ಮೆಡಿಕಲ್ ಟೂರಿಸಂಗೆ ಕಲ್ಲು ಹಾಕುವ ಸಂಚು ಅಂತ ಸಂಸದರೂ ದನಿ ಎತ್ತಿದರು. ಒಂದು ನಗರದ ಹೆಸರಿಗೆ ಕಳಂಕ ಅಂಟುತ್ತೆ ಅನ್ನೋದು ನ್ಯಾಯವಾದ ಮಾತೇ. 2011ರ ಜನವರಿಯಲ್ಲಿ ಲ್ಯಾನ್ಸೆಟ್ ಸಂಪಾದಕ ರಿಚರ್ಡ್ ಹಾರ್ಟನ್ ಭಾರತಕ್ಕೆ ಬಂದಾಗ ಆ ಹೆಸರು ಇಟ್ಟಿದ್ದು ತಪ್ಪು ಅಂತ ಕ್ಷಮೆ ಕೇಳಿದರು. ಗೆದ್ದೆವು ಅಂದುಕೊಂಡೆವು.

ಮೂರು ತಿಂಗಳಿಗೆ, ಅಂದರೆ 2011ರ ಏಪ್ರಿಲ್‌ನಲ್ಲಿ ಇನ್ನೊಂದು ವರದಿ ಬಂತು. ದೆಹಲಿಯಲ್ಲಿ ರಸ್ತೆಬದಿ ನಿಂತ ನೀರಿನ 171 ಮಾದರಿಗಳಲ್ಲಿ 51ರಲ್ಲಿ ಅದೇ ಜೀನ್. ನಲ್ಲಿ ನೀರಿನ 50 ಮಾದರಿಗಳಲ್ಲಿ 2ರಲ್ಲಿ ಅದೇ ಜೀನ್. ಹೆಸರಿಗೆ ಕ್ಷಮೆ ಸಿಕ್ಕಿತ್ತು, ನೀರಿನಲ್ಲಿ ಜೀನ್ ಹಾಗೇ ಇತ್ತು. ಇವತ್ತು ಎನ್‌ಡಿಎಂ ಜನವಸತಿ ಇರುವ ಎಲ್ಲ ಖಂಡಗಳಲ್ಲೂ ಇದೆ.

ಹಾಗಾದರೆ ಇದನ್ನು ಮೊದಲೇ ಯಾರೂ ಊಹಿಸಿರಲಿಲ್ಲವಾ? ಊಹಿಸಿದ್ದರು. ಅದೂ ಪೆನಿಸಿಲಿನ್ ಕಂಡುಹಿಡಿದವರೇ! 1928ರಲ್ಲಿ ಲಂಡನ್‌ನ ಸೇಂಟ್ ಮೇರೀಸ್ ಆಸ್ಪತ್ರೆಯ ಲ್ಯಾಬ್‌ನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಣ್ಣಿಗೆ ಬಿದ್ದ ಆ ಬೂಷ್ಟು ಅವರಿಗೆ 1945ರಲ್ಲಿ ನೊಬೆಲ್ ತಂದುಕೊಟ್ಟಿತು. ಡಿಸೆಂಬರ್ 11ರ ನೊಬೆಲ್ ಉಪನ್ಯಾಸದ ಕೊನೆಯಲ್ಲಿ ಫ್ಲೆಮಿಂಗ್ ಒಂದು ಕಥೆ ಹೇಳಿದರು. ಒಬ್ಬನಿಗೆ ಗಂಟಲು ನೋವು. ತಾನೇ ಪೆನಿಸಿಲಿನ್ ತಂದು ಅರ್ಧಂಬರ್ಧ ತಗೊಳ್ಳುತ್ತಾನೆ. ಬ್ಯಾಕ್ಟೀರಿಯಾ ಸಾಯಲ್ಲ, ಔಷಧಿಯನ್ನು ತಡೆದುಕೊಳ್ಳೋದು ಕಲಿಯುತ್ತೆ. ಅದು ಹೆಂಡತಿಗೆ ಅಂಟುತ್ತೆ. ಅವಳಿಗೆ ಪೆನಿಸಿಲಿನ್ ಕೊಟ್ಟರೂ ನಾಟಲ್ಲ, ಸಾಯುತ್ತಾಳೆ. ಈ ಔಷಧಿ ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳುವಂತಾದರೆ ಅಪಾಯ ಅಂತ ಅಂದೇ ಹೇಳಿದ್ದರು.

ಮುಂದೆ ಆಗಿದ್ದೂ ಅದೇ. ಪೆನಿಸಿಲಿನ್‌ಗೆ ಬಗ್ಗದ ಬ್ಯಾಕ್ಟೀರಿಯಾಗೆ ಅಂತಲೇ 1959ರಲ್ಲಿ ಮೆಥಿಸಿಲಿನ್ ಬಂತು. 1961ರ ಹೊತ್ತಿಗೆ ಬ್ರಿಟನ್‌ನಲ್ಲಿ ಅದಕ್ಕೂ ಬಗ್ಗದ ಬ್ಯಾಕ್ಟೀರಿಯಾ ಸಿಕ್ಕಿತು. ಎರಡೇ ವರ್ಷ!

ನಮ್ಮಲ್ಲಿ ಕೆಲಸವೇ ಆಗಿಲ್ಲ ಅಂದರೆ ಅದೂ ಅನ್ಯಾಯ. ಗಲಾಟೆಯ ಮರುವರ್ಷ, 2011ರಲ್ಲಿ, ಕೇಂದ್ರ ಸರ್ಕಾರ ಇದಕ್ಕಾಗಿ ನೀತಿಯೊಂದನ್ನು ತಂದಿತು. 2012ರಲ್ಲಿ ದೇಶದ ವೈದ್ಯ ಸಂಘಟನೆಗಳು ಸೇರಿ 'ಚೆನ್ನೈ ಘೋಷಣೆ' ಹೊರಡಿಸಿದವು. 2014ರ ಮಾರ್ಚ್‌ನಿಂದ ಎಚ್1 ನಿಯಮ ಜಾರಿಗೆ ಬಂತು. ಅದರ ಪಟ್ಟಿಯಲ್ಲಿರುವ ಔಷಧಿ ಮಾರಿದರೆ ಡಾಕ್ಟರ್ ಹೆಸರು, ರೋಗಿಯ ಹೆಸರು, ಎಷ್ಟು ಮಾತ್ರೆ ಅನ್ನೋದನ್ನ ಮೆಡಿಕಲ್ ಶಾಪ್‌ನವರು ಪ್ರತ್ಯೇಕ ಪುಸ್ತಕದಲ್ಲಿ ಬರೆದು 3 ವರ್ಷ ಇಟ್ಟಿರಬೇಕು. ನೀವು ಆ ಪುಸ್ತಕವನ್ನ ಯಾವತ್ತಾದರೂ ನೋಡಿದ್ದೀರಾ?

ಈಗ 2015ರ ಮೇ ತಿಂಗಳಿಗೆ ಬನ್ನಿ. ಆ ಒಂದೇ ತಿಂಗಳಲ್ಲಿ ಜಿನೀವಾದಿಂದ ಎರಡು ಕಾಗದ ಹೊರಬಂದವು. ಮೊದಲನೆಯದು, ಹೊಸ ರೋಗಗಳಿಗೆ ಊರು, ದೇಶದ ಹೆಸರು ಇಡಬೇಡಿ ಅನ್ನೋ ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಎರಡನೆಯದು, ಔಷಧಿಗೆ ಬಗ್ಗದ ರೋಗಾಣುಗಳ ವಿರುದ್ಧ ವಿಶ್ವ ಆರೋಗ್ಯ ಸಭೆ ಒಪ್ಪಿದ ಜಾಗತಿಕ ಕ್ರಿಯಾ ಯೋಜನೆ.

ಮೊದಲನೆಯದನ್ನು ಜಗತ್ತು ಚೆನ್ನಾಗಿಯೇ ಪಾಲಿಸಿತು. ಕೋವಿಡ್‌ಗೆ ಅಧಿಕೃತವಾಗಿ ಯಾವ ಊರಿನ ಹೆಸರೂ ಬರಲಿಲ್ಲ, ರೂಪಾಂತರಿಗಳಿಗೆ ಆಲ್ಫಾ, ಡೆಲ್ಟಾ ಅಂತ ಗ್ರೀಕ್ ಅಕ್ಷರ ಬಂತು. ಎರಡನೆಯದು? 2016ರ ಸೆಪ್ಟೆಂಬರ್ 21ರಂದು ವಿಶ್ವಸಂಸ್ಥೆಯಲ್ಲಿ ಇದಕ್ಕೆಂದೇ ಉನ್ನತ ಮಟ್ಟದ ಸಭೆ ನಡೆಯಿತು. 2017ರಲ್ಲಿ ಭಾರತದ ರಾಷ್ಟ್ರೀಯ ಯೋಜನೆ ಬಂತು. ಆದರೆ 2019ರ ಒಂದೇ ವರ್ಷದಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಸೋಂಕಿನಿಂದ ನೇರವಾಗಿ ಸತ್ತವರು ಸುಮಾರು 12.7 ಲಕ್ಷ, ಅದರ ನಂಟಿದ್ದ ಸಾವುಗಳು 49.5 ಲಕ್ಷ ಅಂತ ಆಮೇಲೆ ಲೆಕ್ಕ ಸಿಕ್ಕಿತು.

ಮನಸ್ಸು ಮಾಡಿದರೆ ಆಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. ಕಾರ್ಬಪೆನೆಮ್ ಸೋತಾಗ ವೈದ್ಯರು ಕೈಹಾಕುವ ಹಳೇ ಔಷಧಿ ಕೊಲಿಸ್ಟಿನ್. ಅದನ್ನೇ ಹಂದಿ, ಕೋಳಿ ಬೇಗ ಬೆಳೆಯಲಿ ಅಂತ ಮೇವಿಗೆ ಬೆರೆಸುತ್ತಿದ್ದರು! 2015ರಲ್ಲಿ ಕೊಲಿಸ್ಟಿನ್‌ಗೂ ಬಗ್ಗದ ಜೀನ್ ಚೀನಾದಲ್ಲಿ ಪತ್ತೆಯಾಯಿತು, ಅದೂ ಪ್ಲಾಸ್ಮಿಡ್ ಮೇಲೆ. 2017ರಲ್ಲಿ ಚೀನಾ ಅದನ್ನು ಮೇವಿಗೆ ಬೆರೆಸೋದು ನಿಲ್ಲಿಸಿತು. ಆಮೇಲೆ ನಡೆದ ಅಧ್ಯಯನಗಳಲ್ಲಿ ಆ ಜೀನ್ ಪ್ರಾಣಿಗಳಲ್ಲೂ ಮನುಷ್ಯರಲ್ಲೂ ಕಡಿಮೆಯಾಗಿದ್ದು ಕಂಡಿತು. ಭಾರತವೂ 2019ರ ಜುಲೈನಲ್ಲಿ ಕೋಳಿ, ಮೀನು, ದನಕರುಗಳಿಗೆ ಕೊಲಿಸ್ಟಿನ್ ನಿಷೇಧಿಸಿತು. ಆವತ್ತು ಯಾವ ಸ್ಟುಡಿಯೋದಲ್ಲೂ ಗಂಟೆಗಟ್ಟಲೆ ಚರ್ಚೆ ನಡೆದದ್ದು ನಾನು ಕಾಣೆ.

ಈಗ ನನ್ನ ತಪ್ಪು ಹೇಳ್ತೀನಿ. 2024ರ ಸೆಪ್ಟೆಂಬರ್ 26. 2030ರೊಳಗೆ ಈ ಸಾವುಗಳನ್ನು ಶೇ. 10ರಷ್ಟು ಇಳಿಸುತ್ತೇವೆ ಅಂತ ವಿಶ್ವಸಂಸ್ಥೆಯಲ್ಲಿ ಜಗತ್ತಿನ ದೇಶಗಳು ಮಾತು ಕೊಟ್ಟ ದಿನ. ಸುದ್ದಿ ನಮ್ಮ ರನ್‌ಡೌನ್‌ನಲ್ಲಿತ್ತು, ಒಂದು ನಿಮಿಷದ್ದು. ಇನ್ನೊಂದು ಜಗಳದ ಸುದ್ದಿಗೆ ಟೈಮ್ ಸಾಲಲ್ಲ ಅಂತ ಅದನ್ನು ತೆಗೆಸಿದವನು ನಾನೇ. ಹಾಸ್ಟೆಲ್ ಹಾಲ್‌ನಲ್ಲಿ ಕೂತು ಹೌದೌದು ಅಂದಿದ್ದ ಹುಡುಗ ಹದಿನಾಲ್ಕು ವರ್ಷ ಕಳೆದರೂ ಬದಲಾಗಿರಲಿಲ್ಲ. ಜಗಳ ಇದ್ದರೆ ಸುದ್ದಿ, ಇಲ್ಲದಿದ್ದರೆ ಇಲ್ಲ.

ಮಳೆಗಾಲದಲ್ಲಿ ಗಂಟಲು ಕೆಟ್ಟರೆ ನಾವೇನು ಮಾಡ್ತೀವಿ? "ಅಣ್ಣಾ, ಹೋದ ಸಲ ಕೊಟ್ಟಿದ್ರಲ್ಲ, ಅದೇ ಮಾತ್ರೆ ಕೊಡಿ." "ಮೂರು ದಿನದ್ದು ಸಾಕಾ, ಐದು ದಿನದ್ದು ಕೊಡ್ಲಾ?" ಫ್ಲೆಮಿಂಗ್ ಹೇಳಿದ ಕಥೆ ಎಂಬತ್ತು ವರ್ಷಗಳಿಂದ ಇದೇ ಕೌಂಟರ್‌ನಲ್ಲಿ ನಡೀತಿದೆ. ನೆಗಡಿ, ಫ್ಲೂ ತರೋದು ವೈರಸ್. ಅದಕ್ಕೆ ಆಂಟಿಬಯೋಟಿಕ್ ಕೆಲಸವೇ ಮಾಡಲ್ಲ.

ಜಿನೀವಾ, ನ್ಯೂಯಾರ್ಕ್‌ನಲ್ಲಿ ಹಾಕಿದ ಸಹಿಗಳೆಲ್ಲ ಕೊನೆಗೆ ಬಂದು ನಿಲ್ಲೋದು ಆ ಕೌಂಟರ್‌ನಲ್ಲೇ. ಮುಂದಿನ ಸಲ ಚೀಟಿ ಇಲ್ಲದೆ ಅಲ್ಲಿ ಕೈ ಚಾಚಬೇಡಿ. ಡಾಕ್ಟರ್ ಬರೆದುಕೊಟ್ಟರೂ ಒಂದು ಮಾತು ಕೇಳಿ: "ಸರ್, ಇದು ನಿಜವಾಗಲೂ ಬೇಕಾ? ಎಷ್ಟು ದಿನ ತಗೋಬೇಕು?" ಮತ್ತೆ ಅಂಥದ್ದೊಂದು ಸುದ್ದಿ ಬಂದರೆ ಆ ಒಂದು ನಿಮಿಷವನ್ನು ನಾನು ತೆಗೆಸಲ್ಲ. ನಿಮ್ಮ ಮುಂದೆ ಇಷ್ಟು ಮಾತು ಕೊಡಬಲ್ಲೆ.