ಶಾಲಾ ಪ್ರಾಜೆಕ್ಟ್‌ಗೆ ನಂಬಬಹುದಾದ ಮೂಲ ಯಾವುದು? ಪಾಲಕ್ ಸೊಪ್ಪು ಕಲಿಸುವ ಪಾಠ

"ಪಾಲಕ್ ಸೊಪ್ಪಿನಲ್ಲಿ ಬೇಕಾದಷ್ಟು ಕಬ್ಬಿಣಾಂಶವಿದೆ, ದಿನಾ ತಿಂದರೆ ರಕ್ತಹೀನತೆ ಬರುವುದಿಲ್ಲ." ಆಹಾರ ಮತ್ತು ಪೋಷಣೆಯ ಬಗ್ಗೆ ಮಕ್ಕಳು ಮಾಡುವ ಪ್ರಾಜೆಕ್ಟ್‌ಗಳಲ್ಲಿ ಈ ಮಾತು ಒಂದಲ್ಲ ಒಂದು ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಕೊನೆಯ ಪುಟದಲ್ಲಿ ಮಾಹಿತಿಯ ಮೂಲ ಎಂಬಲ್ಲಿ 'ಗೂಗಲ್' ಎಂದು ಬರೆದಿರುತ್ತದೆ. ಆದರೆ ಗೂಗಲ್ ಮಾಹಿತಿಯ ಮೂಲವಲ್ಲ. ಗ್ರಂಥಾಲಯದಲ್ಲಿ ಯಾವ ಕಪಾಟಿನಲ್ಲಿ ಯಾವ ಪುಸ್ತಕವಿದೆ ಎಂದು ತೋರಿಸುವವರ ಕೆಲಸವನ್ನಷ್ಟೇ ಅದು ಮಾಡುತ್ತದೆ. ಪುಸ್ತಕ ಬರೆದವರು ಬೇರೆ.

ಇದು ಕೇವಲ ಅಂಕಗಳ ಪ್ರಶ್ನೆಯಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ರಕ್ತಹೀನತೆ 2015-16ರಲ್ಲಿ ಶೇ. 44.8 ಇದ್ದದ್ದು 2019-21ರಲ್ಲಿ ಶೇ. 47.8ಕ್ಕೆ ಏರಿದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ ಕೊಡುವುದು ಇದೇ ಸಮಸ್ಯೆಯನ್ನು ತಡೆಯಲು. 'ಸೊಪ್ಪು ತಿಂದರೆ ಸಾಕು' ಎಂದು ತರಗತಿಯ ಗೋಡೆಗೆ ಅಂಟಿಸಿದ ಚಾರ್ಟ್ ಓದಿದ ಹುಡುಗಿಯೊಬ್ಬಳು ಆ ಮಾತ್ರೆಯನ್ನು ಕಿಟಕಿಯಾಚೆ ಎಸೆದರೆ, ಆಧಾರವಿಲ್ಲದ ಒಂದು ವಾಕ್ಯಕ್ಕೆ ಬೆಲೆ ತೆರುವವಳು ಅವಳೇ.

ಪಾಲಕ್ ಬಗ್ಗೆ ನಿಜ ಏನು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ 528 ಆಹಾರ ಪದಾರ್ಥಗಳನ್ನು ವಿಶ್ಲೇಷಿಸಿ ಕೋಷ್ಟಕಗಳನ್ನು ಪ್ರಕಟಿಸಿದೆ. ಅದರಂತೆ 100 ಗ್ರಾಂ ಹಸಿ ಪಾಲಕ್‌ನಲ್ಲಿ ಸುಮಾರು 3 ಮಿಲಿಗ್ರಾಂ ಕಬ್ಬಿಣಾಂಶ ಇರುತ್ತದೆ. ಅದರಲ್ಲಿಯೂ ನಮ್ಮ ದೇಹ ಹೀರಿಕೊಳ್ಳುವುದು ಅಲ್ಪ ಭಾಗ ಮಾತ್ರ. ನಿಂಬೆರಸದಲ್ಲಿರುವ ವಿಟಮಿನ್ ಸಿ ಈ ಹೀರಿಕೆಗೆ ನೆರವಾಗುತ್ತದೆ, ಊಟದ ಜೊತೆ ಕುಡಿಯುವ ಚಹಾ ಅಡ್ಡಿಯಾಗುತ್ತದೆ. ಪಾಲಕ್ ಒಳ್ಳೆಯ ಸೊಪ್ಪು, ಆದರೆ ರಕ್ತಹೀನತೆಗೆ ಅದೊಂದೇ ಮದ್ದಲ್ಲ.

ಇಷ್ಟು ತಿಳಿದವರು ಸಾಮಾನ್ಯವಾಗಿ ಇನ್ನೊಂದು ಕಥೆ ಹೇಳುತ್ತಾರೆ: ಹಿಂದೆ ವಿಜ್ಞಾನಿಗಳು ದಶಮಾಂಶ ಬಿಂದುವನ್ನು ತಪ್ಪು ಜಾಗದಲ್ಲಿಟ್ಟರು, ಆದ್ದರಿಂದ ಪಾಲಕ್‌ನ ಕಬ್ಬಿಣಾಂಶ ಹತ್ತು ಪಟ್ಟು ಹೆಚ್ಚಾಗಿ ದಾಖಲಾಯಿತು, ಕಾರ್ಟೂನಿನ ಪೊಪಾಯ್ ಪಾಲಕ್ ತಿನ್ನತೊಡಗಿದ್ದೂ ಇದರಿಂದಲೇ ಎಂದು. ಈ ಕಥೆಯನ್ನು ಪ್ರಸಿದ್ಧಗೊಳಿಸಿದ್ದು ರಕ್ತಶಾಸ್ತ್ರಜ್ಞ ಟೆರೆನ್ಸ್ ಹ್ಯಾಂಬ್ಲಿನ್ 1981ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ ಲೇಖನ. ಈ ಮಾತಿಗೆ ಅವರು ಅಲ್ಲಿ ಯಾವ ಆಧಾರವನ್ನೂ ಕೊಟ್ಟಿರಲಿಲ್ಲ. ಆದರೂ ಮುಂದಿನ ಹಲವು ಲೇಖಕರು ಅದನ್ನು ನಂಬಿ ಹಾಗೆಯೇ ಉಲ್ಲೇಖಿಸಿದರು.

2010ರಲ್ಲಿ ಮೈಕ್ ಸಟನ್ ಎಂಬ ಸಂಶೋಧಕರು ಮೂಲ ಹುಡುಕುತ್ತಾ ಹೋದಾಗ ದಶಮಾಂಶ ಬಿಂದುವಿನ ತಪ್ಪಿಗೆ ಪುರಾವೆಯೇ ಸಿಗಲಿಲ್ಲ. 1932ರ ಒಂದು ಪೊಪಾಯ್ ಚಿತ್ರಪಟ್ಟಿಯಲ್ಲಿ ಅವನು ಹೊಗಳುವುದು ಪಾಲಕ್‌ನ ವಿಟಮಿನ್ ಎಯನ್ನು, ಕಬ್ಬಿಣಾಂಶವನ್ನಲ್ಲ. ನಾರ್ವೆಯ ಮಾನವಶಾಸ್ತ್ರಜ್ಞ ಓಲೆ ಬ್ಯೋರ್ನ್ ರೆಕ್ಡಾಲ್ 2014ರಲ್ಲಿ ಇದನ್ನೇ ಉದಾಹರಣೆಯಾಗಿಟ್ಟುಕೊಂಡು, ಮೂಲ ನೋಡದೆ ಉಲ್ಲೇಖಿಸುವ ಅಭ್ಯಾಸದಿಂದ ವಿದ್ವಾಂಸರ ನಡುವೆಯೇ ದಂತಕಥೆಗಳು ಹೇಗೆ ಹಬ್ಬುತ್ತವೆ ಎಂದು ವಿವರಿಸಿದರು. ಅಂದರೆ, ತಪ್ಪನ್ನು ತಿದ್ದಲು ಹೇಳಿದ ಕಥೆಯೂ ಆಧಾರವಿಲ್ಲದ್ದೇ ಆಗಿತ್ತು!

ಇದರಿಂದ ಕಲಿಯಬೇಕಾದದ್ದು ಒಂದೇ ಮಾತು: ಯಾರು ಹೇಳಿದರು ಎಂದಷ್ಟೇ ಅಲ್ಲ, ಅವರಿಗೆ ಹೇಗೆ ಗೊತ್ತಾಯಿತು ಎಂದೂ ಕೇಳಬೇಕು.

ಎಲ್ಲಿಂದ ಹುಡುಕಲು ಶುರು ಮಾಡಬೇಕು?

ಮೊದಲು ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳಿ. 'ರಕ್ತಹೀನತೆ' ಎಂದು ಹುಡುಕಿದರೆ ಸಾವಿರಾರು ಪುಟಗಳು ಬರುತ್ತವೆ. 'ಕರ್ನಾಟಕದ ಹದಿಹರೆಯದ ಹುಡುಗಿಯರಲ್ಲಿ ರಕ್ತಹೀನತೆ ಎಷ್ಟಿದೆ?' ಎಂಬ ಪ್ರಶ್ನೆಗೆ ಯಾವ ಬಗೆಯ ಮೂಲ ಬೇಕು ಎಂಬುದು ತಾನಾಗಿಯೇ ಹೊಳೆಯುತ್ತದೆ.

ವಿಷಯದ ಪರಿಚಯಕ್ಕೆ ಪಠ್ಯಪುಸ್ತಕ, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ ಮತ್ತು ಕರ್ನಾಟಕ ಸರ್ಕಾರದ ಕಣಜ ಜಾಲತಾಣ ಒಳ್ಳೆಯವು. ಅಂಕಿ ಅಂಶಗಳಿಗೆ ಜನಗಣತಿ, ಕುಟುಂಬ ಆರೋಗ್ಯ ಸಮೀಕ್ಷೆಯಂತಹ ಸರ್ಕಾರಿ ವರದಿಗಳಿವೆ. ಪುಸ್ತಕ ಮತ್ತು ಲೇಖನಗಳಿಗೆ ಐಐಟಿ ಖರಗ್‌ಪುರ ರೂಪಿಸಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವನ್ನೂ, ವೈದ್ಯಕೀಯ ಸಂಶೋಧನೆಗಳ ಸಾರಾಂಶಕ್ಕೆ ಪಬ್‌ಮೆಡ್ ಅನ್ನೂ ನೋಡಬಹುದು.

ಒಂದು ಜಾಲತಾಣವನ್ನು ನಂಬಬಹುದೇ ಎಂದು ತಿಳಿಯುವುದು ಹೇಗೆ?

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 10 ಇತಿಹಾಸಕಾರರು, 10 ವೃತ್ತಿಪರ ಸತ್ಯಶೋಧಕರು ಮತ್ತು 25 ವಿದ್ಯಾರ್ಥಿಗಳಿಗೆ ಜಾಲತಾಣಗಳನ್ನು ಪರೀಕ್ಷಿಸಲು ಕೊಟ್ಟರು. ವಿದ್ಯಾರ್ಥಿಗಳಷ್ಟೇ ಅಲ್ಲ, ಇತಿಹಾಸಕಾರರಲ್ಲಿಯೂ ಹಲವರು ಪುಟದ ಅಂದ, ಲಾಂಛನ ಮತ್ತು ದೊಡ್ಡ ಹೆಸರಿಗೆ ಮರುಳಾದರು. ಸತ್ಯಶೋಧಕರು ಆ ಪುಟದಲ್ಲಿ ಹೆಚ್ಚು ಹೊತ್ತು ನಿಲ್ಲಲೇ ಇಲ್ಲ. ಹೊಸ ಟ್ಯಾಬ್‌ಗಳನ್ನು ತೆರೆದು ಆ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳಿದ್ದಾರೆ ಎಂದು ನೋಡಿದರು. ಅವರಿಗೆ ಕಡಿಮೆ ಸಮಯದಲ್ಲಿ ಸರಿಯಾದ ಉತ್ತರ ಸಿಕ್ಕಿತು.

ನೀವೂ ಇದನ್ನೇ ಮಾಡಬಹುದು. ಜೊತೆಗೆ ಈ ನಾಲ್ಕು ಪ್ರಶ್ನೆಗಳನ್ನು ಕೇಳಿ:

1. ಬರೆದವರು ಯಾರು, ಆ ವಿಷಯದಲ್ಲಿ ಅವರ ಅರ್ಹತೆ ಏನು?
2. ಯಾವಾಗ ಬರೆದದ್ದು? ಆ ಬಳಿಕ ಹೊಸ ಅಂಕಿ ಅಂಶ ಬಂದಿದೆಯೇ?
3. ತಮ್ಮ ಮಾತಿಗೆ ಆಧಾರ ಕೊಟ್ಟಿದ್ದಾರೆಯೇ? ಆ ಆಧಾರ ತೆರೆದು ನೋಡಿದರೆ ನಿಜಕ್ಕೂ ಅದೇ ಮಾತು ಇದೆಯೇ?
4. ಇದನ್ನು ನಂಬಿದರೆ ಲಾಭ ಯಾರಿಗೆ? ಪುಟದ ಕೊನೆಯಲ್ಲಿ ಟಾನಿಕ್ ಮಾರುತ್ತಿದ್ದರೆ ಎಚ್ಚರವಿರಲಿ.

ವಿಕಿಪೀಡಿಯ ಮತ್ತು ಎಐ ಬಳಸಬಹುದೇ?

ವಿಕಿಪೀಡಿಯದಲ್ಲಿ ಹುಡುಕಾಟ ಶುರು ಮಾಡಬಹುದು, ಅಲ್ಲಿಗೇ ಮುಗಿಸಬಾರದು. ಲೇಖನದ ಕೆಳಗಿರುವ ಉಲ್ಲೇಖಗಳನ್ನು ತೆರೆದು ಓದಿ, ಓದಿದ್ದನ್ನು ಉಲ್ಲೇಖಿಸಿ. ಎಐ ಚಾಟ್‌ಬಾಟ್‌ಗಳು ಕಠಿಣ ವಿಷಯವನ್ನು ಸರಳವಾಗಿ ವಿವರಿಸಬಲ್ಲವು. ಆದರೆ ಇಲ್ಲದ ಪುಸ್ತಕ, ಇಲ್ಲದ ಲೇಖಕರನ್ನು ನಿಜವೆಂಬಂತೆ ಹೇಳುವುದೂ ಉಂಟು. ಅವು ಕೊಟ್ಟ ಮೂಲವನ್ನು ನೀವೇ ಹುಡುಕಿ ಕಣ್ಣಾರೆ ನೋಡುವ ತನಕ ಬರೆಯಬೇಡಿ. ವಾಟ್ಸಾಪ್‌ನಲ್ಲಿ ಬಂದ ಸಂದೇಶಕ್ಕೂ ಇದೇ ನಿಯಮ.

ಮೂಲವನ್ನು ಬರೆಯುವುದು ಹೇಗೆ?

ಶಾಲೆಯಲ್ಲಿ ನಿರ್ದಿಷ್ಟ ಕ್ರಮ ಹೇಳಿಕೊಟ್ಟಿದ್ದರೆ ಅದನ್ನೇ ಅನುಸರಿಸಿ. ಇಲ್ಲವಾದರೆ ಲೇಖಕರು, ವರ್ಷ, ಶೀರ್ಷಿಕೆ, ಪ್ರಕಾಶಕರು, ಊರು ಎಂಬ ಕ್ರಮ ಸಾಕು. ಮೇಲೆ ಹೇಳಿದ ಆಹಾರ ಕೋಷ್ಟಕವನ್ನು ಹೀಗೆ ಬರೆಯಬಹುದು: ಲೋಂಗ್ವಾ ಟಿ. ಮತ್ತು ಇತರರು, 2017, ಇಂಡಿಯನ್ ಫುಡ್ ಕಾಂಪೊಸಿಷನ್ ಟೇಬಲ್ಸ್, ರಾಷ್ಟ್ರೀಯ ಪೋಷಣಾ ಸಂಸ್ಥೆ, ಹೈದರಾಬಾದ್. ನೀವು ನೋಡಿದ ಪುಟದ ಸಂಖ್ಯೆಯನ್ನು ಕೊನೆಗೆ ಸೇರಿಸಿ. ವರ್ಷವನ್ನು ಬಿಡಬೇಡಿ: ಇದೇ ಸಂಸ್ಥೆಯ ಹಳೆಯ ಕೋಷ್ಟಕದಲ್ಲಿ ಪಾಲಕ್‌ನ ಕಬ್ಬಿಣಾಂಶಕ್ಕೆ ಬೇರೆಯೇ ಸಂಖ್ಯೆ ಇದೆ. ಜಾಲತಾಣವಾದರೆ ಪುಟದ ಪೂರ್ಣ ವಿಳಾಸ ಮತ್ತು ನೀವು ನೋಡಿದ ದಿನಾಂಕ ಬರೆಯಿರಿ, ಏಕೆಂದರೆ ಪುಟಗಳು ಬದಲಾಗುತ್ತವೆ, ಕೆಲವೊಮ್ಮೆ ಅಳಿಸಿಯೂ ಹೋಗುತ್ತವೆ.

ಇನ್ನೊಬ್ಬರ ವಾಕ್ಯವನ್ನು ಹಾಗೆಯೇ ಬಳಸಿದರೆ ಉದ್ಧರಣ ಚಿಹ್ನೆ ಹಾಕಿ. ನಿಮ್ಮ ಮಾತಿನಲ್ಲಿ ಬರೆದರೂ ವಿಚಾರ ಅವರದ್ದಾದ್ದರಿಂದ ಹೆಸರು ಹೇಳಲೇಬೇಕು. ನೀವು ಓದದ ಪುಸ್ತಕದ ಮಾತು ಬೇರೆ ಪುಸ್ತಕದಲ್ಲಿ ಸಿಕ್ಕಿದ್ದರೆ, ಓದಿದ ಪುಸ್ತಕದ ಹೆಸರನ್ನೇ ಕೊಡಿ. ಪಾಲಕ್ ಕಥೆ ಹಬ್ಬಿದ್ದು ಈ ಪ್ರಾಮಾಣಿಕತೆ ತಪ್ಪಿದಲ್ಲಿಯೇ.

ನೆನಪಿಡಿ

ಹುಡುಕುವಾಗಲೇ ಒಂದು ನೋಟ್‌ಬುಕ್‌ನಲ್ಲಿ ಮೂಲವನ್ನು ಗುರುತು ಮಾಡಿಕೊಳ್ಳಿ. ಪ್ರಾಜೆಕ್ಟ್ ಕೊಡುವ ಹಿಂದಿನ ರಾತ್ರಿ ಎಲ್ಲವನ್ನೂ ಮತ್ತೆ ಹುಡುಕುವ ಕಷ್ಟ ತಪ್ಪುತ್ತದೆ. ಮುಖ್ಯವಾದ ಅಂಕಿಯನ್ನು ಕನಿಷ್ಠ ಎರಡು ಸ್ವತಂತ್ರ ಮೂಲಗಳಲ್ಲಿ ಹೋಲಿಸಿ. ಒಂದನ್ನೊಂದು ನಕಲು ಮಾಡಿದ ಹತ್ತು ಪುಟಗಳಿದ್ದರೂ ಅದು ಒಂದೇ ಮೂಲ. ನಮ್ಮ ಈ ಲೇಖನವನ್ನೂ ಹೀಗೆಯೇ ಪರೀಕ್ಷಿಸಿ. ಇಲ್ಲಿರುವ ಹೆಸರು, ವರ್ಷಗಳನ್ನು ಹಿಡಿದು ಮೂಲಕ್ಕೆ ಹೋಗಿ ನೋಡಿ.