ಮೈಲ್ ಎಂಡ್‌ನ ಬಿಡುಗಡೆ ಪತ್ರಗಳು

ಮಧ್ಯಯುಗದ ಯುರೋಪ್ ಎಂದರೆ ಕೋಟೆಗಳು, ಕುದುರೆ ಏರಿದ ವೀರರು, ಮುಗಿಲೆತ್ತರದ ಇಗರ್ಜಿಗಳು ನೆನಪಿಗೆ ಬರುತ್ತವೆ. ಇವೆಲ್ಲದರ ಭಾರ ಹೊತ್ತವನು ಮಾತ್ರ ರೈತ. ಇಂಗ್ಲೆಂಡಿನಲ್ಲಿ ಒಡೆಯನ ಭೂಮಿಗೆ ಬಂಧಿತನಾದ ರೈತನನ್ನು 'ವಿಲ್ಲೀನ್' ಎನ್ನುತ್ತಿದ್ದರು.

ವಿಲ್ಲೀನನಿಗೆ ಮನೆಯಿತ್ತು, ಸಂಸಾರವಿತ್ತು, ಉಳುವುದಕ್ಕೆ ತುಂಡು ಹೊಲಗಳಿದ್ದವು. ಇದಕ್ಕೆ ಪ್ರತಿಯಾಗಿ ಅವನು ವಾರದಲ್ಲಿ ಎರಡು ಮೂರು ದಿನ ಒಡೆಯನ ಹೊಲದಲ್ಲಿ ಕೂಲಿಯಿಲ್ಲದೆ ದುಡಿಯಬೇಕು. ಸುಗ್ಗಿಯಲ್ಲಿ ಇನ್ನೂ ಹೆಚ್ಚು. ಮಗಳ ಮದುವೆಗೆ ಒಡೆಯನಿಗೆ ಶುಲ್ಕ ಕೊಡಬೇಕು. ಅವನು ಸತ್ತರೆ ಹಟ್ಟಿಯ ಅತ್ಯುತ್ತಮ ಪಶು ಒಡೆಯನ ಪಾಲು. ಅಪ್ಪಣೆಯಿಲ್ಲದೆ ಊರು ಬಿಡುವಂತಿಲ್ಲ. ಒಡೆಯನ ವಿರುದ್ಧ ಜಮೀನಿನ ದೂರಿಗೆ ಅರಸನ ನ್ಯಾಯಾಲಯದ ಬಾಗಿಲು ಮುಚ್ಚಿತ್ತು. ಒಡೆಯನ ನ್ಯಾಯಾಲಯವೇ ಗತಿ. ನಮ್ಮಲ್ಲಿ ಜೀತದಾಳನ್ನು ಕಟ್ಟಿಹಾಕಿದ್ದು ಸಾಲ ಮತ್ತು ಜಾತಿ. ಅಲ್ಲಿ ಕಟ್ಟಿಹಾಕಿದ್ದು ಹುಟ್ಟು.

1348-49ರ ಮಹಾಮಾರಿ ಪ್ಲೇಗ್ ಇಂಗ್ಲೆಂಡಿನ ಮೂರನೇ ಒಂದರಿಂದ ಅರ್ಧದಷ್ಟು ಜನರನ್ನು ಬಲಿ ಪಡೆಯಿತು. ದುಡಿಯುವ ಕೈಗಳು ಕಡಿಮೆಯಾದಾಗ ಅವುಗಳ ಬೆಲೆ ಏರುವುದು ಸಹಜ. ಆದರೆ 1351ರಲ್ಲಿ ಸಂಸತ್ತು ಪ್ಲೇಗ್‌ಗೆ ಹಿಂದಿನ ಕೂಲಿಯನ್ನೇ ಕಾನೂನಿನ ಮೂಲಕ ಹೇರಿತು. ಅದರ ಮೇಲೆ ತಲೆಗಂದಾಯವೂ ಬಂದಾಗ 1381ರಲ್ಲಿ ಎಸೆಕ್ಸ್ ಮತ್ತು ಕೆಂಟ್‌ನ ರೈತರು ದಂಗೆಯೆದ್ದರು. ಪಾದ್ರಿ ಜಾನ್ ಬಾಲ್ ಅವರಿಗೆ ಮಾತು ಕೊಟ್ಟ: ಆದಮ್ ಮತ್ತು ಹವ್ವಾರ ಸಂತಾನದಲ್ಲಿ ಒಡೆಯ-ಆಳು ಎಂಬ ಭೇದ ದೇವರದ್ದಲ್ಲ ಎಂಬುದು ಅವನ ವಾದ.

ದಂಗೆಕೋರರು ಅನೇಕ ಊರುಗಳಲ್ಲಿ ಒಡೆಯರ ದಫ್ತರಗಳನ್ನು ಸುಟ್ಟರು. ಇದು ಕುರುಡು ರೋಷವಲ್ಲ. ಯಾರು ಯಾರ ಆಳು, ಯಾರು ಎಷ್ಟು ದುಡಿಯಬೇಕು ಎಂಬುದಕ್ಕೆ ಸಾಕ್ಷಿ ಆ ಕಡತಗಳೇ. ತಮ್ಮ ಸಂಕೋಲೆ ಕಬ್ಬಿಣದ್ದಲ್ಲ, ಬರಹದ್ದು ಎಂದು ಅಕ್ಷರ ಬಾರದ ಆ ಜನರಿಗೆ ಚೆನ್ನಾಗಿ ತಿಳಿದಿತ್ತು.

ಜೂನ್ 14ರಂದು ಲಂಡನ್ ಹೊರವಲಯದ ಮೈಲ್ ಎಂಡ್‌ನಲ್ಲಿ 14 ವರ್ಷದ ದೊರೆ ಎರಡನೇ ರಿಚರ್ಡ್ ಬಿಡುಗಡೆಯ ಮಾತು ಕೊಟ್ಟ. ಗುಮಾಸ್ತರು ಕುಳಿತು ಪತ್ರಗಳನ್ನು ಬರೆದರು. ಅನೇಕರು ಅದನ್ನು ನಂಬಿ ಊರಿಗೆ ಮರಳಿದರು. ಮರುದಿನ ನಾಯಕ ವಾಟ್ ಟೈಲರ್ ಸ್ಮಿತ್‌ಫೀಲ್ಡ್‌ನಲ್ಲಿ ಕೊಲೆಯಾದ. ಜುಲೈ 2ರಂದು ಆ ಪತ್ರಗಳೆಲ್ಲ ರದ್ದಾದವು. ಅದೇ ತಿಂಗಳು ಜಾನ್ ಬಾಲ್‌ಗೆ ಮರಣದಂಡನೆಯಾಯಿತು.

ಆದರೂ ಮುಂದಿನ ಶತಮಾನದಲ್ಲಿ ಇಂಗ್ಲೆಂಡಿನ ಈ ಪದ್ಧತಿ ಬಹುಮಟ್ಟಿಗೆ ಕರಗಿತು. ಅದನ್ನು ರದ್ದುಗೊಳಿಸಿದ ಕಾನೂನು ಯಾವುದೂ ಇಲ್ಲ. ಆಳುಗಳು ಹೆಚ್ಚು ಕೂಲಿಯ ಕಡೆಗೆ ಓಡಿದರು. ಒಡೆಯರು ಅನಿವಾರ್ಯವಾಗಿ ಹೊಲಗಳನ್ನು ಗೇಣಿಗೆ ಕೊಟ್ಟರು. ಹಾಗೆಂದು ಆಳುಗಳ ಅಭಾವವೇ ವಿಮೋಚನೆ ತರುತ್ತದೆ ಎನ್ನಲಾಗದು. ರಷ್ಯಾದಲ್ಲಿ ಅದೇ ಅಭಾವ ಹಗ್ಗವನ್ನು ಬಿಗಿಗೊಳಿಸಿತು. 1649ರ ಕಾನೂನು ಓಡಿಹೋದ ರೈತನನ್ನು ಎಷ್ಟು ವರ್ಷವಾದರೂ ಹಿಡಿದು ತರುವ ಹಕ್ಕನ್ನು ಒಡೆಯನಿಗೆ ಕೊಟ್ಟಿತು. ಅಲ್ಲಿ ಬಿಡುಗಡೆಗೆ 1861ರವರೆಗೆ ಕಾಯಬೇಕಾಯಿತು.

ಭಾರತದಲ್ಲಿ 1976ರ ಕಾಯ್ದೆ ಜೀತವನ್ನು ನಿಷೇಧಿಸಿತು. ಬಿಡುಗಡೆಯಾದ ಜೀತದಾಳಿನ ಕೈಗೂ ಒಂದು ಪತ್ರ ಬರುತ್ತದೆ. ಅದರ ಹಿಂದೆ ನೆಲ, ಕೂಲಿ, ಬದುಕುವ ದಾರಿ ಬಾರದಿದ್ದರೆ, ಆ ಪತ್ರಕ್ಕೂ ಮೈಲ್ ಎಂಡ್‌ನ ಪತ್ರಕ್ಕೂ ಏನು ವ್ಯತ್ಯಾಸ?